ಎಲ್ಲರ ತೇವಾಂಶವೂ 11

ಹೋದ ವರ್ಷ ಫೆಬ್ರವರಿ. ರೊಬಸ್ಟಾ ಕೊಯ್ಲಿನ ಭರಾಟೆ. ಕೊಡಗಿನಲ್ಲಿ ಕಾಫಿ ಕೊಳ್ಳುವ ನಮ್ಮ ಅಂಗಡಿಯ ಮುಂದೆ ಬೆಳಿಗ್ಗೆಯಿಂದ ಪಿಕಪ್‌ಗಳ ಸಾಲು. ಸಂಜೆ ಏಳರ ಮೇಲೆ ಗೋದಾಮಿನ ಬಾಗಿಲು ಎಳೆದು, ಒಂದು ಲೋಟ ಕಾಫಿ ಹಿಡಿದು ದಿನದ ಖರೀದಿ ಲೆಕ್ಕ ನೋಡುತ್ತಾ ಕೂತಿದ್ದೆ. ತೇವಾಂಶದ ಕಾಲಂ ಮೇಲೆ ಕಣ್ಣು ಬಿತ್ತು. 11. ಅದರ ಕೆಳಗೆ 11. ಅದರ ಕೆಳಗೂ 11. ಹಿಂದಿನ ದಿನದ್ದು ತೆಗೆದೆ. ಅಲ್ಲೂ 11.

ಮೊದಲು ಖುಷಿಯೇ ಆಯಿತು. ಈ ಸಲ ಎಲ್ಲರೂ ಎಷ್ಟು ಚೆನ್ನಾಗಿ ಒಣಗಿಸಿದ್ದಾರಪ್ಪ ಅಂತ. ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಶೇಕಡಾ 11ರ ಆಸುಪಾಸಿಗೆ ಒಣಗಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಆಮೇಲೆ ನೆನಪಾಯಿತು: ಮೂರು ದಿನದ ಹಿಂದೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ನಾಲ್ಕು ಹನಿ ಬಿದ್ದಿತ್ತು. ಪಕ್ಕದ ತೋಟದ ಕಣದಲ್ಲಿ ಟಾರ್ಪಾಲ್ ಎಳೆಯಲು ಜನ ಓಡಾಡಿದ್ದನ್ನು ನಾನೇ ನೋಡಿದ್ದೆ. ಹಾಗಿದ್ದ ಮೇಲೆ ಎಲ್ಲರ ಚೆರಿಯೂ ಒಂದೇ ಅಳತೆಗೆ ಒಣಗಿದ್ದು ಹೇಗೆ?

ತೂಕಕ್ಕೆ ನಿಲ್ಲುವ ಹುಡುಗನನ್ನು ಕರೆದೆ. ಅವನು ಏನೂ ಮುಚ್ಚಿಡಲಿಲ್ಲ.

"ಮೀಟರ್ ಬ್ಯಾಟರಿ ಹೋಗಿದೆ ಸಾರ್. ಕಂಪ್ಯೂಟರಲ್ಲಿ ಆ ಜಾಗ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ಅದಕ್ಕೆ 11 ಹೊಡೀತಾ ಇದ್ದೆ."

"ಎಷ್ಟು ದಿನದಿಂದ?"

ಬೆರಳು ಮಡಚಿ ಎಣಿಸಿದ. ಹತ್ತೊಂಬತ್ತು ದಿನ.

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಯಾಕೆಂದರೆ ಆ ಜಾಗ ಖಾಲಿ ಬಿಡುವ ಹಾಗಿಲ್ಲ ಅಂತ ಮಾಡಿಸಿದ್ದು ನಾನೇ. ಹಿಂದಿನ ಸೀಸನ್ನಿನಲ್ಲಿ ಅರ್ಧಕ್ಕರ್ಧ ಖಾಲಿ ಇತ್ತು, ಸಿಟ್ಟು ಬಂದು ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿ ಕಡ್ಡಾಯ ಮಾಡಿಸಿದ್ದೆ. ಅಂಕಿ ತುಂಬಿತು. ನಾನು ಕೇಳಿದ್ದೂ ಅಷ್ಟೇ ಅಲ್ವಾ, ತುಂಬಿರಬೇಕು ಅಂತ.

ಆ ಹತ್ತೊಂಬತ್ತು ದಿನ ವ್ಯಾಪಾರ ಹೇಗೆ ನಡೆಯಿತು? ಎಂದಿನಂತೆಯೇ. ನಮ್ಮ ಮಾಲೀಕರು ಒಂದು ಹಿಡಿ ಚೆರಿ ತೆಗೆದು ಕಿವಿಯ ಹತ್ತಿರ ಗಲಗಲ ಅಲ್ಲಾಡಿಸುತ್ತಾರೆ. ಒಂದು ಬೀಜ ಹಲ್ಲಿನಲ್ಲಿ ಕಚ್ಚುತ್ತಾರೆ. "ಇನ್ನೊಂದು ಬಿಸಿಲು ಬೇಕಿತ್ತು" ಅನ್ನುತ್ತಾರೆ, ರೇಟು ಸ್ವಲ್ಪ ಇಳಿಸುತ್ತಾರೆ. ಅವರ ಕಿವಿ ಹಲ್ಲು ಸುಮಾರಾಗಿ ಸರಿಯೇ ಹೇಳುತ್ತವೆ. ಆದರೆ ಅದು ಎಲ್ಲೂ ಬರಹಕ್ಕೆ ಇಳಿಯುವುದಿಲ್ಲ. ಬರಹದಲ್ಲಿರುವುದು 11. ಸೀಸನ್ ಮುಗಿದ ಮೇಲೆ ಗೋದಾಮಿನ ತೂಕ ಯಾಕೆ ಕಮ್ಮಿ ಬಂತು ಅಂತ ಹುಡುಕಲು ಹೊರಟರೆ ಆ 11 ಬಾಯಿ ಬಿಡುವುದಿಲ್ಲ. 14ರಲ್ಲಿ ಕೊಂಡ 50 ಕೆಜಿ ಮೂಟೆ 11ಕ್ಕೆ ಒಣಗುವ ಹೊತ್ತಿಗೆ 48.3 ಕೆಜಿ. ನೂರು ಮೂಟೆಗೆ ಹತ್ತಿರ ಹತ್ತಿರ 170 ಕೆಜಿ ಗಾಳಿಗೆ ಹೋಯಿತು. ಕಳ್ಳತನ ಅಂತ ಯಾರ ಮೇಲಾದರೂ ಗುಮಾನಿ ಪಡಲು ಇಷ್ಟು ಸಾಕು.

ಮಾರನೇ ದಿನ ಎರಡು ಕೆಲಸ ಮಾಡಿದೆ. ಬ್ಯಾಟರಿ ತಂದೆ, ಡ್ರಾಯರಿನಲ್ಲಿ ಇನ್ನೆರಡು ಇಟ್ಟೆ. ಕಂಪ್ಯೂಟರಿನಲ್ಲಿ ಆ ಜಾಗಕ್ಕೆ "ಅಳೆದಿಲ್ಲ" ಅನ್ನುವ ಒಂದು ಗುಂಡಿ ಹಾಕಿಸಿದೆ. ಅದನ್ನು ಒತ್ತಿದರೆ ಯಾರೂ ಬೈಯುವುದಿಲ್ಲ ಅಂತ ಹುಡುಗನಿಗೆ ಎರಡು ಸಲ ಹೇಳಿದೆ. ಮೊದಲ ವಾರ ತುಂಬಾ ಸಲ ಒತ್ತಿದ. ಮಧ್ಯಾಹ್ನ ಮೂರರಿಂದ ಐದರವರೆಗೆ, ಗಾಡಿಗಳು ಒಟ್ಟಿಗೆ ಬಂದು ಬೀಳುವ ಹೊತ್ತಿನಲ್ಲಿ, ಬಹುತೇಕ ಎಲ್ಲವೂ "ಅಳೆದಿಲ್ಲ". ಆಗಲೇ ನನಗೆ ಹೊಳೆದದ್ದು, ಆ ಹೊತ್ತಿಗೆ ಅಲ್ಲಿ ಇನ್ನೊಂದು ಜೊತೆ ಕೈ ಬೇಕು ಅಂತ. 11 ಇದ್ದಾಗ ಇದು ಗೊತ್ತಾಗುತ್ತಲೇ ಇರಲಿಲ್ಲ.

ನಾನು ಈ ಅಂಗಡಿಗೆ ಬರುವ ಮೊದಲು ಸುಂಟಿಕೊಪ್ಪದ ಕಡೆ ಒಂದು ತೋಟದಲ್ಲಿ ಹದಿನಾಲ್ಕು ವರ್ಷ ರೈಟರ್ ಆಗಿದ್ದೆ. ಕೊಡಗಿನವರಿಗೆ ವಿವರಿಸಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ರೈಟರ್ ಅಂದರೆ ಕಥೆ ಬರೆಯುವವನಲ್ಲ, ತೋಟದ ಲೆಕ್ಕ ಬರೆಯುವವನು. (ಕಥೆ ಬರೆಯುವ ರೈಟರೂ ಕೆಲವರು ಇದ್ದರು, ಅದೂ ಲೆಕ್ಕದ ಪುಸ್ತಕದಲ್ಲೇ.) ನನ್ನ ಮೇಜಿನ ಮೇಲೆ ಎರಡು ದೊಡ್ಡ ಪುಸ್ತಕ ಇದ್ದವು. ಒಂದು ಚೆಕ್‌ರೋಲ್. ಯಾರು ಬಂದರು, ಯಾರು ಅರ್ಧ ದಿನ, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು. ಇನ್ನೊಂದು ಮರದ ಲೆಕ್ಕ. ಯಾವ ಬ್ಲಾಕಿನಲ್ಲಿ ಎಷ್ಟು ಸಿಲ್ವರ್ ಓಕ್, ಎಷ್ಟು ಬಳಂಜಿ, ಎಷ್ಟು ಹಲಸು.

ಬರೆಯುವ ಕೈ ಒಂದೇ, ಪೆನ್ನೂ ಒಂದೇ. ಆದರೆ ಚೆಕ್‌ರೋಲಿನಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಯಾಕೆಂದರೆ ಶನಿವಾರ ಬಟವಾಡೆ. ಅರ್ಧ ದಿನ ತಪ್ಪಿದರೆ ಅದೇ ಸಂಜೆ ಕೂಲಿಯವರ ಲೈನ್ ಮನೆಯಿಂದ ಒಬ್ಬಳು ಸೆರಗು ಸಿಕ್ಕಿಸಿಕೊಂಡು ಆಫೀಸಿನ ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು. ಓದಲು ಬಾರದವರಿಗೂ ತಮ್ಮ ಆರು ದಿನದ ಲೆಕ್ಕ ಬಾಯಲ್ಲೇ ಇರುತ್ತಿತ್ತು. ಮರದ ಪುಸ್ತಕವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ನನಗಿಂತ ಹಿಂದಿನವರು ಬರೆದದ್ದನ್ನು ನಾನು ಇಳಿಸಿದೆ, ಪ್ರತಿ ಏಪ್ರಿಲ್‌ನಲ್ಲಿ ಹೊಸ ಪುಸ್ತಕಕ್ಕೆ ಅದನ್ನೇ ಇಳಿಸಿದೆ. ಮಳೆಗಾಲದಲ್ಲಿ ಬಿದ್ದು, ಕೊಯ್ದು, ಗಾಡಿ ಹತ್ತಿ ಹೋದ ಮರಗಳು ನನ್ನ ಪುಸ್ತಕದಲ್ಲಿ ಹತ್ತು ವರ್ಷ ನಿಂತೇ ಇದ್ದವು.

ತೇವಾಂಶದ 11 ಕಂಡ ರಾತ್ರಿ ನೆನಪಾದದ್ದು ಈ ಎರಡು ಪುಸ್ತಕ. ಹುಡುಗನಿಗೆ ಆ ಅಂಕಿಯಿಂದ ಏನೂ ಆಗಬೇಕಿರಲಿಲ್ಲ. ಚೆರಿ ತಂದವರಿಗೆ ಅದು ಕಾಣುತ್ತಲೂ ಇರಲಿಲ್ಲ. ಅದು ನಮ್ಮ ಮರದ ಪುಸ್ತಕ.

ಹಾಗಾಗಿ ಚೀಟಿ ಬದಲಾಯಿಸಿದೆ. ಮೊದಲು ಕೊಡುತ್ತಿದ್ದುದು ಇಂಗ್ಲಿಷಿನ ಚೀಟಿ, ಒಂದು ತೂಕ, ಒಂದು ಮೊತ್ತ. ಈಗ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ಗೋಣಿ ಸೇರಿ ತೂಕ, ಗೋಣಿ ತೂಕ, ಉಳಿದ ತೂಕ, ತೇವಾಂಶ, ಔಟ್‌ಟರ್ನ್, ರೇಟು. ಔಟ್‌ಟರ್ನ್ ಅಂದರೆ 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. 26 ಬಂತೋ 28 ಬಂತೋ ಅನ್ನುವುದರ ಮೇಲೆ ಮನೆಯವರ ಮುಖವೇ ಬದಲಾಗುತ್ತದೆ. ಚೀಟಿ ಕೈಗೆ ಕೊಟ್ಟು, ಓದಿ ನೋಡಿ, ಆಮೇಲೆ ಗಾಡಿ ತೆಗೆಯಿರಿ ಅಂತ ಹೇಳಲು ಶುರು ಮಾಡಿದೆ.

ಮಾಲೀಕರಿಗೆ ಇಷ್ಟವಾಗಲಿಲ್ಲ. "ಸುಮ್ನೆ ಜಗಳಕ್ಕೆ ದಾರಿ ಮಾಡ್ತಿದ್ದೀರಿ" ಅಂದರು. ಮೊದಲ ವಾರ ಜಗಳವೂ ಆಯಿತು, ಸುಳ್ಳು ಹೇಳಲಾರೆ. ಆದರೆ ಎರಡನೇ ವಾರ ಒಬ್ಬರು ಅಮ್ಮ, ಐದೆಕರೆ ತೋಟದವರು, ಕನ್ನಡಕ ಏರಿಸಿ ಚೀಟಿ ಓದಿ, ನನ್ನ ಮೇಜಿನ ಮೇಲೆ ಇಟ್ಟು ಬೆರಳು ತೋರಿಸಿದರು. "ಗೋಣಿ ತೂಕ ಎರಡು ಸಲ ಕಳೆದಿದ್ದೀರಿ ಅಲ್ವಾ?"

ಹೌದು. ಎರಡು ಸಲ. ಹುಡುಗ ಹಳೇ ಅಭ್ಯಾಸದಲ್ಲಿ ಮೂಟೆಗೊಂದು ಕೆಜಿ ಮನಸ್ಸಿನಲ್ಲೇ ಕಳೆದು ಬರೆಯುತ್ತಿದ್ದ. ಕಂಪ್ಯೂಟರು ಮತ್ತೆ ಕಳೆಯುತ್ತಿತ್ತು. ಭಾನುವಾರ ಅವನ ಬದಲು ನಿಲ್ಲುವವನು ಗೋಣಿ ಸೇರಿಸಿಯೇ ಬರೆಯುತ್ತಿದ್ದ, ಅವನ ಲೆಕ್ಕ ಸರಿ. ಹಳೇ ಪರದೆಯಲ್ಲಿ ಆ ಕಾಲಮ್ಮಿನ ತಲೆಯ ಮೇಲೆ ಬರೀ "ತೂಕ" ಅಂತ ಇತ್ತು. ಯಾವ ತೂಕ ಅಂತ ಯಾರೂ ಯಾರನ್ನೂ ಕೇಳಿರಲಿಲ್ಲ. ಎರಡು ಸೀಸನ್ ಆ ಅಂಕಿಗಳನ್ನು ಕೂಡಿಸಿ, ಕಳೆದು, ಬಣ್ಣ ಬಣ್ಣದ ಚಾರ್ಟ್ ಮಾಡಿ ಮಾಲೀಕರಿಗೆ ತೋರಿಸಿದ್ದೇನೆ. ಆ ಅಮ್ಮನಿಗೆ ಒಂದು ನಿಮಿಷ ಹಿಡಿಯಿತು. ಅವರಿಗೆ ಬಾಕಿ ಕೊಟ್ಟೆವು. ಹಳೇ ಬಿಲ್ಲು ತೆಗೆದು ಉಳಿದವರಿಗೂ ಕೊಟ್ಟೆವು. ಆ ತಿಂಗಳು ಮಾಲೀಕರು ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಇನ್ನು ಹೆಸರಿನ ವಿಷಯ. ಇದರಲ್ಲಿ ನನ್ನ ಕೈ ಜೋರಾಗಿಯೇ ಸುಟ್ಟಿದೆ.

ನಮ್ಮ ಪಾರ್ಟಿ ಪಟ್ಟಿಯಲ್ಲಿ, ಅಂದರೆ ಮಾಲು ತಂದು ಹಾಕುವವರ ಪಟ್ಟಿಯಲ್ಲಿ, ಹೆಸರು ಜಾಸ್ತಿ, ಜನ ಕಮ್ಮಿ. ಇಂಗ್ಲಿಷಿನಲ್ಲಿ ಬರೆಯುವಾಗ ತಿಮ್ಮಯ್ಯನಿಗೆ ಒಬ್ಬರು ಎಚ್ ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಉತ್ತಪ್ಪನಿಗೆ ಟಿ ಒಂದೋ ಎರಡೋ ಅವರವರ ಇಷ್ಟ. ಊರೂ ಹಾಗೇ. ಗೋಣಿಕೊಪ್ಪ, ಗೋಣಿಕೊಪ್ಪಲು. ವಿರಾಜಪೇಟೆ, ವೀರಾಜಪೇಟೆ. ಹಳೇ ಬಿಲ್ಲುಗಳಲ್ಲಿ ಮಡಿಕೇರಿ ಇನ್ನೂ ಮರ್ಕೆರಾ. ಮೊದಲು ಮೂರೇ ಇದ್ದ ತಾಲ್ಲೂಕು ಈಗ ಐದು. ಪೊನ್ನಂಪೇಟೆಯವರು ಕೆಲವು ಕಡೆ ಇನ್ನೂ ವಿರಾಜಪೇಟೆ ತಾಲ್ಲೂಕಿನಲ್ಲೇ ಇದ್ದಾರೆ, ಕುಶಾಲನಗರದವರು ಸೋಮವಾರಪೇಟೆಯಲ್ಲಿ.

ಸಾಫ್ಟ್‌ವೇರ್ ಮಾಡಿದವರು ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಜಾಗ ಕೊಟ್ಟಿದ್ದರು. ಕೊಡವರು ಮೊದಲು ಬರೆಯುವುದು ಒಕ್ಕದ, ಅಂದರೆ ಮನೆತನದ, ಹೆಸರು, ಆಮೇಲೆ ತಮ್ಮ ಹೆಸರು. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಮುಂದೆ ಬರುತ್ತದೆ. ಮಾಪಿಳ್ಳೆ ಮನೆಗಳವರಿಗೆ ಮನೆ ಹೆಸರು ಇನಿಷಿಯಲ್ಲಿನಲ್ಲಿ ಅಡಗಿರುತ್ತದೆ. ಒಂದು ಸಲ ಪುತ್ತರಿ ಹಬ್ಬಕ್ಕೆ ಎಲ್ಲರಿಗೂ ಮೆಸೇಜ್ ಕಳಿಸಿದೆವು. ಒಂದೇ ಒಕ್ಕದ ಇಪ್ಪತ್ತು ಚಿಲ್ಲರೆ ಮಂದಿಗೆ ಬರೀ ಒಕ್ಕದ ಹೆಸರು ಹಿಡಿದು ಶುಭಾಶಯ ಹೋಯಿತು. ಒಕ್ಕದ ಹಿರಿಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಫೋನ್ ತೆಗೆದು ಒಬ್ಬರಿಗೊಬ್ಬರು ತೋರಿಸಿ ನಕ್ಕರಂತೆ.

ಆ ಜೂನ್‌ನಲ್ಲಿ ಪಟ್ಟಿ ತೊಳೆದೇ ಬಿಡುವುದು ಅಂತ ಕೂತೆ. ಹೊರಗೆ ಬಿಡದ ಮಳೆ, ವ್ಯಾಪಾರ ಇಲ್ಲ, ಕರೆಂಟ್ ಬಂದಾಗ ಕೆಲಸ. ಒಂದೇ ಹೆಸರು, ಒಂದೇ ಇನಿಷಿಯಲ್, ಒಂದೇ ಊರು ಇದ್ದರೆ ಎರಡನ್ನೂ ಸೇರಿಸಿ ಒಂದು ಮಾಡುತ್ತಾ ಹೋದೆ. ಪಟ್ಟಿ ಚಿಕ್ಕದಾಗುತ್ತಾ ಹೋಯಿತು. ಮನೆ ಗುಡಿಸಿದಷ್ಟು ಸಮಾಧಾನ.

ಮುಂದಿನ ಮಾರ್ಚ್‌ನಲ್ಲಿ ಒಬ್ಬರು ಕರಿಮೆಣಸು ಹಾಕಿ ಹೋದರು. ಎರಡು ದಿನದ ಮೇಲೆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದರು. ಕೂತರು. ಕಾಫಿ ಕುಡಿದರು. ಆಮೇಲೆ ಹೇಳಿದರು: "ಗೊಬ್ಬರಕ್ಕೆ ಅಡ್ವಾನ್ಸ್ 60,000 ಅಂತ ಮುರಿದಿದ್ದೀರಿ. ನಾನು ಯಾವಾಗ ತಗೊಂಡೆ ಅಂತ ನೆನಪಾಗ್ತಾ ಇಲ್ಲ."

ತೆಗೆದುಕೊಂಡವರು ಅವರ ಚಿಕ್ಕಪ್ಪನ ಮಗ. ಹೆಸರು ಒಂದೇ, ಒಕ್ಕ ಒಂದೇ, ಊರು ಒಂದೇ. ಅಪ್ಪಂದಿರ ಹೆಸರೂ ಒಂದೇ ಅಕ್ಷರದಿಂದ ಶುರು, ಹಾಗಾಗಿ ಇನಿಷಿಯಲ್ಲೂ ಒಂದೇ. ಜೂನ್‌ನಲ್ಲಿ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿದವನು ನಾನು. ಇಬ್ಬರ ನಡುವೆ ತೋಟ ಪಾಲಿನ ಕೇಸು ನಡೆಯುತ್ತಿತ್ತು, ಮಾತುಕತೆ ಇರಲಿಲ್ಲ. ಈಗ ಒಬ್ಬರಿಗೆ ಇನ್ನೊಬ್ಬರ ಸಾಲ ಗೊತ್ತಾಯಿತು, ಅದೂ ನಮ್ಮ ಅಂಗಡಿಯ ಬಿಲ್ಲಿನಿಂದ. ದುಡ್ಡು ಅದೇ ದಿನ ವಾಪಸ್ ಕೊಟ್ಟೆ. ತಿಳಿದುಬಿಟ್ಟ ಸುದ್ದಿಯನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಚಿಕ್ಕಪ್ಪನ ಮಗ ಆಮೇಲೆ ನಮ್ಮಲ್ಲಿಗೆ ಬರಲಿಲ್ಲ.

ಎರಡನ್ನು ಬೇರ್ಪಡಿಸಲು ಹೋದರೆ, ಸೇರಿಸುವ ಮೊದಲು ಏನಿತ್ತು ಅನ್ನುವುದು ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲ. ಮೂರು ದಿನ ಅಟ್ಟದ ಮೇಲಿನ ಕಾಗದದ ಬಿಲ್‌ಬುಕ್ ಇಳಿಸಿ, ಗೆದ್ದಲು ಕೊಡವಿ, ಒಂದೊಂದೇ ನೋಡಿದೆ. ಈಗ ಯಾರನ್ನೂ ಸೇರಿಸುವುದಿಲ್ಲ. "ಇಬ್ಬರೂ ಒಬ್ಬರೇ ಇರಬಹುದು" ಅಂತ ಒಂದು ಗುರುತು ಹಾಕಿಡುತ್ತೇನೆ. ಮುಂದಿನ ಸಲ ಬಂದಾಗ ಅವರನ್ನೇ ಕೇಳುತ್ತೇನೆ. ಫೋನ್ ನಂಬರ್ ನಂಬುವುದಿಲ್ಲ, ಒಂದೇ ಮನೆಯ ಮೂವರು ಮಗನ ನಂಬರ್ ಕೊಟ್ಟಿರುತ್ತಾರೆ. ಪ್ಯಾನ್ ಪರವಾಗಿಲ್ಲ. ಅದರ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಚ್ ಇದ್ದರೆ ಅವಿಭಕ್ತ ಕುಟುಂಬ, ಎಫ್ ಇದ್ದರೆ ಪಾಲುದಾರಿಕೆ. ತಮ್ಮದೇ ಅಂತ ಹೇಳಿ ಎಚ್ ಪ್ಯಾನ್ ಕೊಟ್ಟವರನ್ನು ಹಿಡಿದು ಕೂರಿಸಿ ಕೇಳಿದರೆ ಅರ್ಧ ಗಂಟೆಯ ಕುಟುಂಬದ ಕಥೆ ಹೊರಬರುತ್ತದೆ. ಕೇಳಬೇಕು. ಒಕ್ಕದ ಹೆಸರಿಗೆ, ಅಪ್ಪನ ಪೂರ್ತಿ ಹೆಸರಿಗೆ ಬೇರೆ ಬೇರೆ ಜಾಗ ಮಾಡಿಸಿದ್ದೇನೆ.

ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ (ಇಲ್ಲೂ 11!), ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಓ ಅಕ್ಷರ ಹೊಡೆದರೆ ಹಣ ಹೋಗುವುದಿಲ್ಲ. ಕಂಪ್ಯೂಟರಿಗೇ ಇದನ್ನು ಹೇಳಿಕೊಟ್ಟರೆ ಸಾಕು. ಇನ್ನು ಕೆಲವು ಕೋಡ್ ನಾವು ಮುಟ್ಟದೇ ಇದ್ದರೂ ಹಳಸಿದವು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನಮ್ಮ ಕಡೆ ಅರ್ಧ ಜನರ ಪಾಸ್‌ಬುಕ್ ಇವೇ ಬ್ಯಾಂಕಿನದ್ದು.

ತಾರೀಖಿನದ್ದು ಇನ್ನೊಂದು ಮಾಯೆ. ಮೊಬೈಲಿನಿಂದ ಎಕ್ಸೆಲ್‌ಗೆ ತಂದಾಗ ಏಪ್ರಿಲ್ 3ರ ಮೆಣಸಿನ ಬಿಲ್ಲು ಮಾರ್ಚ್ 4 ಆಗಿ ಕೂತಿತ್ತು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು. 12ರವರೆಗಿನ ತಾರೀಖುಗಳು ಹೀಗೆ ಸದ್ದಿಲ್ಲದೆ ತಿರುಗುತ್ತವೆ, 13ರಿಂದ ಮುಂದಿನವು ತಿರುಗಲಾರದೆ ಬರೀ ಅಕ್ಷರವಾಗಿ ಉಳಿದು ಚೌಕದ ಎಡಕ್ಕೆ ಅಂಟಿಕೊಳ್ಳುತ್ತವೆ. ಎಡಕ್ಕೆ ಅಂಟಿಕೊಂಡ ತಾರೀಖು ಕಂಡರೆ ಬಲಗಡೆ ಇರುವವನ್ನು ಅನುಮಾನಿಸಿ. ಏಪ್ರಿಲ್ ಮಾರ್ಚ್ ಆದರೆ ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೇ ಜಾರುತ್ತದೆ. ಆಡಿಟರ್ ಹತ್ತಿರ ಬೈಸಿಕೊಂಡೇ ಇದನ್ನು ಕಲಿತೆ.

ಈಚೆಗೆ ಸೇರಿದ್ದು ಯುರೋಪಿನ ಕೆಲಸ. ನಮ್ಮ ಕಾಫಿ ಇಟಲಿಗೆ, ಜರ್ಮನಿಗೆ ಹೋಗುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದು ಬೇಡ ಅಂತ ಯುರೋಪಿಯನ್ ಒಕ್ಕೂಟದವರು 2023ರಲ್ಲಿ ಕಾನೂನು ಮಾಡಿದ್ದಾರೆ. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ಆದರೆ ರಫ್ತಿನವರು ಈಗಲೇ ಪಟ್ಟಿ ಕೇಳುತ್ತಾರೆ. ತೋಟ ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಬೇಕು, ಚುಕ್ಕಿಯ ಆಚೆ ಆರು ಅಂಕಿ. 4 ಹೆಕ್ಟೇರ್‌ಗಿಂತ ದೊಡ್ಡದಾದರೆ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತೆಕರೆಯ ಹತ್ತಿರ, ಸುತ್ತಲಿನ ಗಡಿಯೂ ಬೇಕು. ಆರು ಅಂಕಿ ಯಾಕೆ ಅಂತ ಬೆಳೆಗಾರರು ಕೇಳುತ್ತಾರೆ. ಎರಡೇ ಅಂಕಿ ಬರೆದರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ವ್ಯತ್ಯಾಸ. ನಮ್ಮ ಕಡೆ ಒಂದು ಕಿಲೋಮೀಟರ್ ಅಂದರೆ ಇನ್ನೊಬ್ಬರ ತೋಟ, ಇಲ್ಲವೇ ದೇವರಕಾಡು.

ಎಲ್ಲರೂ ವಾಟ್ಸ್‌ಆ್ಯಪಿನಲ್ಲಿ, ಕಾಗದದಲ್ಲಿ ಕಳಿಸಿದರು. ಒಂದು ಸಂಜೆ ಎಲ್ಲವನ್ನೂ ನಕ್ಷೆಯ ಮೇಲೆ ಹಾಕಿ ನೋಡಿದೆ. ಸುಂಟಿಕೊಪ್ಪದ ಒಬ್ಬರ ತೋಟ ನಾರ್ವೆಯನ್ನೂ ದಾಟಿ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ, ಹಿಮದ ಸಮುದ್ರದಲ್ಲಿ ತೇಲುತ್ತಿತ್ತು. 12.4 ಮತ್ತು 75.8 ಅದಲುಬದಲು. ಇಂಥ ತಪ್ಪಿಗೆ ನಾನು ಹೆದರುವುದಿಲ್ಲ, ಅದು ತಾನೇ ಕೈಯೆತ್ತಿ ಕರೆಯುತ್ತದೆ. ಹೆದರಿಸಿದ್ದು ಬೇರೆ. ಹನ್ನೆರಡು ತೋಟಗಳ ಚುಕ್ಕಿ ಒಂದರ ಮೇಲೊಂದು ಕೂತಿದ್ದವು. ಆರೂ ಅಂಕಿ ಇದೆ, ಕೊಡಗಿನಲ್ಲೇ ಇದೆ, ಎಲ್ಲಾ ಸರಿ. ದೊಡ್ಡದು ಮಾಡಿ ನೋಡಿದರೆ ನಮ್ಮ ಅಂಗಡಿಯ ಮುಂದಿನ ಬೆಂಚು. ಅಲ್ಲಿ ಕೂತು ಕಾಫಿ ಕುಡಿಯುತ್ತಾ ಲೊಕೇಶನ್ ಒತ್ತಿ ಕಳಿಸಿದ್ದರು.

ಇದೆಲ್ಲ ಬರೆಯುವಾಗ ಕಾಫಿ ಹೂ ಅರಳಿಸುವ ಹೂಮಳೆಯ ಕಾಲ. ಮುಂದಿನ ಸೀಸನ್ನಿಗೆ ಎಷ್ಟು ಕಾಫಿ ಬರಬಹುದು ಅಂತ ಅಂದಾಜು ಮಾಡಲು ನಾನು ಒಂದಷ್ಟು ತೋಟಗಳ ಮಳೆ ಲೆಕ್ಕ ಬರೆದಿಡುತ್ತೇನೆ. ಇಲ್ಲಿ ಮಳೆಗೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. (ಜಾಗಕ್ಕೂ ಸೆಂಟೇ. ನೂರು ಸೆಂಟಿಗೆ ಒಂದೆಕರೆ. ಹೊರಗಿನಿಂದ ಬಂದ ಬ್ಯಾಂಕ್ ಮ್ಯಾನೇಜರ್ ಒಬ್ಬರು "ನಿನ್ನೆ ನಮಗೆ ನಲವತ್ತು ಸೆಂಟು ಬಂತು" ಅನ್ನುವುದನ್ನು ಕೇಳಿ ಅಭಿನಂದಿಸಿದ್ದರು.) "ಒಂದು ಐದು" ಅಂತ ಮೆಸೇಜ್ ಬಂದರೆ ಅದು ಒಂದು ಇಂಚು ಐದು ಸೆಂಟು, 1.05. ಹೊಸಬರು 1.5 ಅಂತ ಹೊಡೆಯುತ್ತಾರೆ, ಒಂದೂವರೆ ಇಂಚು ಆಗುತ್ತದೆ.

ಇವತ್ತು ಬೆಳಿಗ್ಗೆ ಒಂದು ತೋಟದಿಂದ ಬರೀ "75" ಅಂತ ಬಂತು. ಎಪ್ಪತ್ತೈದು ಸೆಂಟು ಅಂದರೆ 19 ಮಿಲಿಮೀಟರ್. ಎಪ್ಪತ್ತೈದು ಮಿಲಿಮೀಟರ್ ಅಂದರೆ ಮೂರು ಇಂಚು. ಅವರ ಮಗ ಈಗ ಡಿಜಿಟಲ್ ಮಳೆಮಾಪಕ ತಂದಿದ್ದಾನೆ ಅಂತ ಕೇಳಿದ್ದೆ. ಫೋನ್ ಮಾಡಿದೆ.

"ಸೆಂಟೇ ಮಾರಾಯ್ರೆ, ಹಳೇ ಗೇಜು" ಅಂದರು. ಸರಿ ಅಂತ ಬರೆಯಲು ಹೊರಟೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ನಿನ್ನೆ ಮದುವೆಗೆ ಹೋಗಿದ್ದೆವು, ಗೇಜು ಖಾಲಿ ಮಾಡಿರಲಿಲ್ಲ. ಎರಡು ದಿನದ್ದೂ ಸೇರಿ ಇರಬೇಕು."

ಇವತ್ತಿನ ಜಾಗದಲ್ಲಿ 75 ಬರೆದು ಪಕ್ಕದಲ್ಲಿ "ಎರಡು ದಿನದ್ದು, ಮದುವೆ" ಅಂತ ಬರೆದೆ. ನಿನ್ನೆಯ ಜಾಗ ಖಾಲಿ ಬಿಟ್ಟಿದ್ದೇನೆ.